ಎಸ್‌ವಿಜಿ ಐಕಾನ್ ಅಂತ ಹಣ ಕೊಟ್ಟೆ, ಒಳಗಿದ್ದದ್ದು ಪಿಎನ್‌ಜಿ

ಜಾವಾಸ್ಕ್ರಿಪ್ಟ್ ಆ್ಯಪ್‌ಗೆ ಐಕಾನ್ ಪ್ಯಾಕ್ ಕೊಳ್ಳುವ ಯೋಚನೆ ಇದ್ದವರು ಕಾರ್ಡ್ ನಂಬರ್ ಹಾಕುವ ಮೊದಲು ಇದನ್ನು ಓದಿ. ನನಗೆ ದುಡ್ಡೂ ಹೋಯಿತು, ಕ್ಲೈಂಟ್ ಮುಂದೆ ಮರ್ಯಾದೆಯೂ ಹೋಯಿತು. ದೂರು ಇನ್ನೂ ನಡೆಯುತ್ತಿರುವುದರಿಂದ ಮಾರಿದವರ ಹೆಸರು ಹಾಕುತ್ತಿಲ್ಲ. ಆದರೆ ಟೋಪಿ ಹಾಕಿದ್ದು ಹೇಗೆ ಅಂತ ಬಿಡಿಸಿ ಹೇಳುತ್ತೇನೆ. ಎಸ್‌ವಿಜಿ ಅಂದರೆ ಗೆರೆಗಳನ್ನು ಲೆಕ್ಕದ ರೂಪದಲ್ಲಿ ಬರೆದಿಡುವ ವೆಕ್ಟರ್ ಫೈಲ್, ಎಷ್ಟು ಹಿಗ್ಗಿಸಿದರೂ ಮಸುಕಾಗಲ್ಲ. ಪಿಎನ್‌ಜಿ ಅಂದರೆ ಚುಕ್ಕೆಗಳಿಂದಾದ ಚಿತ್ರ, ಹಿಗ್ಗಿಸಿದರೆ ಮಸುಕಾಗುತ್ತದೆ.

ಹಗುರ, ಪೂರ್ತಿ ವೆಕ್ಟರ್, ಟ್ರೀ ಶೇಕಿಂಗ್ (ಬಳಸದ ಕೋಡ್ ತಾನಾಗೇ ಬಿಟ್ಟುಹೋಗುವುದು) ಆಗುತ್ತೆ, ರಿಯಾಕ್ಟ್ ಅನ್ನೋ ಜಾವಾಸ್ಕ್ರಿಪ್ಟ್ ಲೈಬ್ರರಿಗೆ ಕಾಂಪೊನೆಂಟ್ ರೆಡಿ ಇದೆ. ಅವರು ಹೇಳಿಕೊಂಡಿದ್ದು ಇಷ್ಟು. ನಾನು ಸುಮ್ನೆ ನಂಬಲಿಲ್ಲ. ಉಚಿತ ಸ್ಯಾಂಪಲ್ ಇಳಿಸಿಕೊಂಡು ಒಂದೊಂದೇ ಫೈಲ್ ಎಡಿಟರ್‌ನಲ್ಲಿ ತೆರೆದು ನೋಡಿದೆ. ವ್ಯೂಬಾಕ್ಸ್ (ಚಿತ್ರದ ಚೌಕಟ್ಟಿನ ಅಳತೆ) ಇತ್ತು, ಗೆರೆ ಬಿಡಿಸುವ ಪಾತ್ ಇತ್ತು, ಬಣ್ಣದ ಜಾಗದಲ್ಲಿ ಕರೆಂಟ್‌ಕಲರ್ (ಸುತ್ತಲಿನ ಅಕ್ಷರದ ಬಣ್ಣವನ್ನೇ ತೆಗೆದುಕೊಳ್ಳುವ ಸೂಚನೆ) ಇತ್ತು. ನೀವಾಗಿದ್ದರೂ ಕೊಳ್ಳುತ್ತಿದ್ದಿರಿ.

ಪ್ಯಾಕ್ ಬಂದ ಮೇಲೂ ಮನೆ, ಹುಡುಕಾಟದ ಐಕಾನ್ ಎಲ್ಲ ಡಾರ್ಕ್ ಮೋಡ್‌ನಲ್ಲಿ ಸರಿಯಾಗೇ ಬಣ್ಣ ಬದಲಿಸಿದವು. ಯಾಕೆ ಗೊತ್ತಾ? ಅವು ಸ್ಯಾಂಪಲ್‌ನಲ್ಲಿ ಇದ್ದಂಥವೇ! ಉಳಿದವನ್ನು ಸೇರಿಸಿ ಕ್ಲೈಂಟ್‌ಗೆ ತೋರಿಸಲು ಕೂತೆ. ಡಾರ್ಕ್ ಮೋಡ್ ಒತ್ತಿದೆ. ಹಿನ್ನೆಲೆ ಕಪ್ಪಾಯಿತು, ಅಕ್ಷರ ಬಿಳಿಯಾಯಿತು, ಹೊಸ ಐಕಾನ್‌ಗಳು ಮಾತ್ರ ಕಪ್ಪಾಗೇ ಉಳಿದವು. ಅರ್ಧ ಮೆನು ಖಾಲಿ. "ಐಕಾನ್ ಎಲ್ಲಿ ಹೋದವು?" ಅಂತ ಕೇಳಿದರು. ಪುಟ ಜೂಮ್ ಮಾಡಿದರೆ ಅಂಚೆಲ್ಲ ಮಸುಕು. ಎಸ್‌ವಿಜಿ ಎಲ್ಲಾದರೂ ಜೂಮ್ ಮಾಡಿದರೆ ಮಸುಕಾಗುತ್ತದಾ? ನನಗೆ ಬಾಯಿಂದ ಮಾತೇ ಹೊರಡಲಿಲ್ಲ.

ಆಮೇಲೆ ಟಿಕ್ ಮಾರ್ಕ್ ಫೈಲ್ ತೆರೆದೆ. ಟಿಕ್ ಅಂದರೆ ಎಷ್ಟು ಸಣ್ಣದು ನೋಡಿ. ಫೆದರ್ ಅನ್ನೋ ಉಚಿತ ಐಕಾನ್ ಪ್ಯಾಕ್‌ನಲ್ಲಿ 24ಕ್ಕೆ 24ರ ಚೌಕದೊಳಗೆ ಮೂರೇ ಬಿಂದು: (20, 6), (9, 17), (4, 12). ಇಡೀ ಫೈಲ್ 300 ಬೈಟ್ ಆಸುಪಾಸು. ಇವರ ಫೈಲ್‌ನಲ್ಲಿ ಪಾತ್ ಇಲ್ಲ, ಪಾಲಿಲೈನ್ (ಬಿಂದುಗಳನ್ನು ಜೋಡಿಸುವ ಗೆರೆ) ಇಲ್ಲ. ಒಂದು ಇಮೇಜ್ ಟ್ಯಾಗ್, ಅದರೊಳಗೆ ಬೇಸ್64, ಅಂದರೆ ಫೈಲನ್ನೇ ಅಕ್ಷರಗಳಾಗಿ ಬದಲಿಸಿದ ರೂಪ. ಐ, ವಿ, ಬಿ, ಓ, ಆರ್ ಅಂತ ಶುರುವಾಗಿ ಸ್ಕ್ರಾಲ್ ಮಾಡಿದಷ್ಟೂ ಮುಗಿಯದ ಒಂದೇ ಸಾಲು. ಪಿಎನ್‌ಜಿಯನ್ನು ಬೇಸ್64 ಮಾಡಿದರೆ ಯಾವಾಗಲೂ ಹಾಗೇ ಶುರುವಾಗೋದು. ಅಂದರೆ ಪಿಎನ್‌ಜಿ ಚಿತ್ರವನ್ನೇ ಎಸ್‌ವಿಜಿ ಟ್ಯಾಗ್‌ನೊಳಗೆ ತುರುಕಿ ಮಾರಿದ್ದಾರೆ. ಪಕ್ಕದ ಫೈಲೂ ಅದೇ. ಅದರ ಪಕ್ಕದ್ದೂ ಅದೇ! ಕೈ ನಡುಗುವಷ್ಟು ಸಿಟ್ಟು ಬಂತು.

ಇದರಲ್ಲಿ ಹಗುರ ಎಲ್ಲಿ ಬಂತು? ಬೇಸ್64 ಮಾಡಿದರೆ ಮೂರು ಬೈಟ್‌ಗೆ ನಾಲ್ಕು ಅಕ್ಷರ, ಅಂದರೆ ಮೂಲ ಪಿಎನ್‌ಜಿಗಿಂತ ಮೂರನೇ ಒಂದು ಭಾಗ ಜಾಸ್ತಿ ತೂಕ. ಒಳಗಿರುವುದು ಚಿತ್ರವಾದ್ದರಿಂದ ಕರೆಂಟ್‌ಕಲರ್ ಅದನ್ನು ಮುಟ್ಟುವುದೇ ಇಲ್ಲ. ಟ್ರೀ ಶೇಕಿಂಗ್ ಕೂಡ ಸುಳ್ಳು. ಎಲ್ಲ ಐಕಾನ್ ಒಂದೇ ಕಾಮನ್‌ಜೆಎಸ್ (ಜಾವಾಸ್ಕ್ರಿಪ್ಟ್‌ನ ಹಳೆಯ ಮಾಡ್ಯೂಲ್ ಪದ್ಧತಿ) ಫೈಲ್‌ನಲ್ಲಿ, ಒಂದೇ ದೊಡ್ಡ ಆಬ್ಜೆಕ್ಟ್‌ನೊಳಗೆ. ಒಂದು ಟಿಕ್ ಇಂಪೋರ್ಟ್ ಮಾಡಿದರೆ ಇಡೀ ಪ್ಯಾಕ್ ಬಂಡಲ್‌ಗೆ, ಅಂದರೆ ಬಳಕೆದಾರರಿಗೆ ಹೋಗುವ ಒಟ್ಟು ಕೋಡ್‌ಗೆ, ಬಂದು ಕೂರುತ್ತದೆ. ಯಾವುದು ಎಷ್ಟು ಜಾಗ ತಿನ್ನುತ್ತದೆ ಅಂತ ಚೌಕಗಳಲ್ಲಿ ತೋರಿಸುವ ಬಂಡಲ್ ಅನಲೈಜರ್‌ನಲ್ಲಿ ರಿಯಾಕ್ಟ್‌ಗಿಂತ ದೊಡ್ಡ ಚೌಕ ಇವರ ಪ್ಯಾಕೇಜ್‌ದೇ ಆಗಿತ್ತು.

ಇನ್ನು ಅವರ ಉತ್ತರ ಕೇಳಿ. ಮೊದಲು, "ನಿಮ್ಮ ಬಂಡ್ಲರ್ ಸೆಟ್ಟಿಂಗ್ ಸರಿ ಇಲ್ಲ ಸರ್." ಫೈಲ್‌ನ ಸ್ಕ್ರೀನ್‌ಶಾಟ್ ಕಳಿಸಿ, ಇದು ಪಿಎನ್‌ಜಿ ಅಲ್ವಾ ಅಂತ ಕೇಳಿದೆ. ಬಂದ ಉತ್ತರ: "ಫೈಲ್ ಹೆಸರಿನ ಕೊನೆಯಲ್ಲಿ ಎಸ್‌ವಿಜಿ ಅಂತಲೇ ಇದೆ, ಬ್ರೌಸರ್‌ನಲ್ಲಿ ತೆರೆಯುತ್ತಿದೆ, ಹಾಗಾಗಿ ಅದು ಎಸ್‌ವಿಜಿಯೇ." ಎಸ್‌ವಿಜಿಯೇ ಅಂತೆ! ಹಾಗಾದರೆ ಸ್ಯಾಂಪಲ್‌ನಲ್ಲಿ ಮಾತ್ರ ಪಾತ್ ಯಾಕಿತ್ತು? ಅದಕ್ಕೆ ಉತ್ತರವೇ ಇಲ್ಲ. ಹಣ ವಾಪಸ್ ಕೇಳಿದರೆ, "ಡೌನ್‌ಲೋಡ್ ಆದ ಮೇಲೆ ರೀಫಂಡ್ ಇಲ್ಲ ಸರ್." ಡೌನ್‌ಲೋಡ್ ಮಾಡದೆ ಒಳಗೇನಿದೆ ಅಂತ ಹೇಗೆ ಗೊತ್ತಾಗಬೇಕು? ಕೊನೆಗೆ ನನ್ನ ಟಿಕೆಟ್ಟನ್ನೇ ಮುಚ್ಚಿಬಿಟ್ಟರು, "ಸಮಸ್ಯೆ ಬಗೆಹರಿದಿದೆ" ಅಂತ ಬರೆದು.

ಬರೀ ಸ್ಯಾಂಪಲ್ ನೋಡಿ ಹಣ ಕೊಡಬೇಡಿ. ಸ್ಯಾಂಪಲ್‌ನಲ್ಲಿ ಇಲ್ಲದ ಐಕಾನ್ ಒಂದನ್ನು ನೀವೇ ಹೆಸರಿಸಿ ಕೇಳಿ, ಕೊಡದಿದ್ದರೆ ಬಿಟ್ಟುಬಿಡಿ. ಈಗಾಗಲೇ ಕೊಂಡಿದ್ದರೆ ಇವತ್ತೇ ಇಡೀ ಫೋಲ್ಡರ್‌ನಲ್ಲಿ ಬೇಸ್64 ಅಂತ ಹುಡುಕಿ. ನಿಜ ಹೇಳಬೇಕೆಂದರೆ ಸಾಮಾನ್ಯ ಆ್ಯಪ್‌ಗೆ ಹಣ ಕೊಡುವ ಅಗತ್ಯವೇ ಇಲ್ಲ. ಫೆದರ್, ಅದರಿಂದಲೇ ಕವಲೊಡೆದ ಲೂಸಿಡ್, ಹೀರೋಐಕಾನ್ಸ್ ಎಲ್ಲ ಉಚಿತ, ಲೈಸೆನ್ಸ್ ಕೂಡ ಮುಕ್ತ. ನಾನು ಲೂಸಿಡ್ ಹಾಕಿದೆ. ಬಳಸಿದ ಐಕಾನ್ ಮಾತ್ರ ಬಂಡಲ್‌ಗೆ ಬರುತ್ತಿದೆ, ಡಾರ್ಕ್ ಮೋಡ್‌ನಲ್ಲಿ ಎಲ್ಲವೂ ಬಿಳಿಯಾಗುತ್ತಿವೆ.

ಹಣಕ್ಕಾಗಿ ಕಾರ್ಡ್ ಕೊಟ್ಟ ಬ್ಯಾಂಕಿಗೆ ದೂರು ಕೊಟ್ಟಿದ್ದೇನೆ. ಸ್ಯಾಂಪಲ್ ಫೈಲ್, ಪ್ಯಾಕ್‌ನ ಟಿಕ್ ಫೈಲ್, ಅವರ ಉತ್ತರಗಳು, ಎಲ್ಲವನ್ನೂ ಜೊತೆಗೆ ಕಳಿಸಿದ್ದೇನೆ. ನಿಮಗೂ ಹೀಗೇ ಆಗಿದ್ದರೆ ನೀವೂ ದೂರು ಕೊಡಿ. ಫೈಲ್‌ಗಳನ್ನು ಡಿಲೀಟ್ ಮಾಡಬೇಡಿ, ಅವೇ ಸಾಕ್ಷಿ.