ಬೆಂಗಳೂರಿನ ಪೆಟ್ರೋಲ್ ಬಂಕ್‌ಗಳು: ಬೋರ್ಡಿನ ದರ ಬಿಡಿ, ಅಳತೆ ನೋಡಿ

ಮೂರು ಸರ್ಕಾರಿ ಕಂಪನಿಗಳ ಬಂಕ್‌ಗಳು ಒಂದೇ ರಸ್ತೆಯಲ್ಲಿ ಎದುರುಬದುರು ಇದ್ದರೂ ದರದ ಅಂತರ ಪೈಸೆಗಳಲ್ಲೇ ಮುಗಿಯುತ್ತದೆ. 2017ರ ಜೂನ್ 16ರಿಂದ ದಿನವೂ ಬೆಳಿಗ್ಗೆ 6ಕ್ಕೆ ದರ ಪರಿಷ್ಕರಣೆಯ ಪದ್ಧತಿ ಇದೆ. ಆದರೂ ತಿಂಗಳುಗಟ್ಟಲೆ ಅಂಕಿ ಅಲುಗಾಡದೆ ಇರುವುದುಂಟು. ಜೇಬಿಗೆ ನಿಜವಾಗಿ ತಟ್ಟುವುದು ತೆರಿಗೆ. 2024ರ ಜೂನ್‌ನಲ್ಲಿ ರಾಜ್ಯ ಸರ್ಕಾರ ಪೆಟ್ರೋಲಿನ ಮಾರಾಟ ತೆರಿಗೆಯನ್ನು ಶೇ 25.92ರಿಂದ 29.84ಕ್ಕೆ ಏರಿಸಿದಾಗ ಲೀಟರಿಗೆ 3 ರೂಪಾಯಿ ಒಮ್ಮೆಲೇ ಹೆಚ್ಚಾಯಿತು.

ಲೀಟರಿಗೆ 103 ರೂಪಾಯಿ ಎಂದು ಹಿಡಿದು ಒಂದು ಮನೆಯ ಲೆಕ್ಕ ಹಾಕೋಣ. ಸ್ಕೂಟರ್ ತಿಂಗಳಿಗೆ 750 ಕಿ.ಮೀ., ಮೈಲೇಜ್ 45. ಕಾರು 400 ಕಿ.ಮೀ., ಮೈಲೇಜ್ 14. ಎರಡೂ ಸೇರಿ ಸುಮಾರು 45 ಲೀಟರ್, 4,660 ರೂಪಾಯಿ. ಎಲ್ಲೋ 1 ರೂಪಾಯಿ ಕಡಿಮೆ ಎಂದು 2 ಕಿ.ಮೀ. ಆಚೆಯ ಬಂಕ್‌ಗೆ ಸ್ಕೂಟರ್ ಓಡಿಸಿ 5 ಲೀಟರ್ ಹಾಕಿಸಿದರೆ ಉಳಿತಾಯ 5 ರೂಪಾಯಿ, ಹೋಗಿಬರಲು ಸುಟ್ಟದ್ದು 9 ರೂಪಾಯಿ. ಕಾರಿಗೆ 30 ಲೀಟರ್ ತುಂಬಿಸಿದರೂ ಲಾಭ ನಷ್ಟ ಸರಿಸಮ. ದಾರಿಯಲ್ಲೇ ಸಿಗುವ ಬಂಕ್ ಸಾಕು.

ಅಳತೆಯ ಮಾತು ಬೇರೆ. 5 ಲೀಟರಿಗೆ 100 ಮಿ.ಲೀ. ಕಡಿಮೆ ಬಿದ್ದರೆ ಅದೇ ಮನೆಗೆ ತಿಂಗಳಿಗೆ 93 ರೂಪಾಯಿ ಖೋತಾ. ಕಾನೂನಿನ ಪ್ರಕಾರ 5 ಲೀಟರಿನಲ್ಲಿ 25 ಮಿ.ಲೀ. ತನಕ ಮಾತ್ರ ವ್ಯತ್ಯಾಸ ಇರಬಹುದು. ಕಾನೂನು ಮಾಪನಶಾಸ್ತ್ರ ಇಲಾಖೆಯ ಮುದ್ರೆ ಇರುವ 5 ಲೀಟರ್ ಅಳತೆ ಪಾತ್ರೆ ಪ್ರತಿ ಬಂಕ್‌ನಲ್ಲೂ ಇರಬೇಕು, ಗ್ರಾಹಕ ಕೇಳಿದರೆ ಅಳೆದು ತೋರಿಸಬೇಕು. ಪಾತ್ರೆ ಸಮತಟ್ಟಾದ ನೆಲದ ಮೇಲಿರಲಿ; ಮೊದಲು ಒಮ್ಮೆ ತುಂಬಿ, ಬಗ್ಗಿಸಿ ಖಾಲಿ ಮಾಡಿ, ಆಮೇಲೆ ಅಳೆಯಿರಿ. ಒಣ ಪಾತ್ರೆಯ ಗೋಡೆಗೆ ಅಂಟುವ ಪೆಟ್ರೋಲ್ ಲೆಕ್ಕ ತಪ್ಪಿಸುತ್ತದೆ. ಪಾತ್ರೆ ಕೇಳಿದ ಕೂಡಲೇ ‘ಮ್ಯಾನೇಜರ್ ಊಟಕ್ಕೆ ಹೋಗಿದ್ದಾರೆ’ ಎನ್ನುವ ಬಂಕ್‌ಗೆ ನಮ್ಮ ಅಂಕ ಅಲ್ಲಿಗೇ ಸೊನ್ನೆ.

ಯಂತ್ರಕ್ಕಿಂತ ಹೆಚ್ಚಾಗಿ ಮೋಸ ನಡೆಯುವುದು ಮಾತಿನಲ್ಲಿ. ನೀವು 1,000ಕ್ಕೆ ಹಾಕಿ ಎನ್ನುತ್ತೀರಿ. ಕಿವಿಗೆ ಬೀಳದವರಂತೆ 300ಕ್ಕೆ ನಿಲ್ಲಿಸುತ್ತಾರೆ. ‘ಇನ್ನು 700 ಹಾಕ್ತೀನಿ ಸಾರ್’ ಎಂದು ಮೀಟರ್ ಸೊನ್ನೆಗೆ ತಾರದೆ ಮುಂದುವರಿಸಿ, 700 ತೋರಿಸಿದಾಗ ಗನ್ ತೆಗೆಯುತ್ತಾರೆ. ಅಲ್ಲಿಗೆ 300 ರೂಪಾಯಿ ಹೋಯಿತು. ಅಷ್ಟು ಹೊತ್ತು ಕಾರ್ಡೋ ಟೈರೋ ಎಂದು ಇನ್ನೊಬ್ಬ ನಿಮ್ಮನ್ನು ಮಾತಿಗೆಳೆದಿರುತ್ತಾನೆ. ಇಳಿದು ಮೀಟರಿನ ಮುಂದೆ ನಿಲ್ಲಿ. 100ರ ಬದಲು 110ಕ್ಕೆ ಹಾಕಿಸುವುದು, ಬೆಳಗಿನ ಜಾವ ತಣ್ಣಗಿರುವಾಗ ತುಂಬಿಸುವುದು ಇವೆಲ್ಲ ಬರೀ ನಂಬಿಕೆ. ನೆಲದೊಳಗಿನ ಟ್ಯಾಂಕಿನ ಬಿಸಿ ದಿನವಿಡೀ ಹೆಚ್ಚುಕಡಿಮೆ ಒಂದೇ.

ಗುಣಮಟ್ಟಕ್ಕೆ ಫಿಲ್ಟರ್ ಪೇಪರ್ ಕೇಳಿ, ಅದಕ್ಕೆ ಕಾಸಿಲ್ಲ. ಗನ್ನಿನ ಬಾಯಿ ಒರೆಸಿ ಒಂದು ಹನಿ ಬಿಡಿ. ಸುಮಾರು 2 ನಿಮಿಷದಲ್ಲಿ ಆರಬೇಕು, ಕಪ್ಪು ಕಲೆ ಉಳಿಯಬಾರದು. ನಸುಗುಲಾಬಿ ಉಳಿದರೆ ಗಾಬರಿ ಬೇಡ, ಅದು ಪೆಟ್ರೋಲಿಗೆ ಬೆರೆಸಿದ ಬಣ್ಣ. ಮಳೆಗಾಲದಲ್ಲಿ ಇದಕ್ಕಿಂತ ದೊಡ್ಡ ತಲೆನೋವು ನೀರು. ಈಗಿನ ಇ20 ಪೆಟ್ರೋಲಿನಲ್ಲಿ ಶೇ 20 ಎಥೆನಾಲ್. ಅದು ನೀರನ್ನು ಹೀರುತ್ತದೆ. ಮಿತಿ ಮೀರಿದರೆ ನೀರೂ ಎಥೆನಾಲೂ ಕೂಡಿ ಬೇರ್ಪಟ್ಟು ತಳಕ್ಕಿಳಿಯುತ್ತವೆ, ಗಾಡಿ ಸ್ವಲ್ಪ ದೂರ ಹೋಗಿ ಕೆಮ್ಮಿ ನಿಲ್ಲುತ್ತದೆ. ಆಗ ಟ್ಯಾಂಕ್ ಪೂರ್ತಿ ಖಾಲಿ ಮಾಡಿಸಬೇಕು, ಮೇಲೆ ಹೊಸ ಪೆಟ್ರೋಲ್ ಸುರಿದರೆ ಸರಿಹೋಗದು. ಬಿಲ್ ಇದ್ದರಷ್ಟೇ ದೂರಿಗೆ ಬಲ, ಹಾಗಾಗಿ ಅದನ್ನು ಕೇಳಿ ಪಡೆಯಿರಿ.

ಹೆಚ್ಚು ದರದ ಪ್ರೀಮಿಯಂ ಪೆಟ್ರೋಲ್ ಸಾಮಾನ್ಯ ಸ್ಕೂಟರಿಗೆ ದಂಡ. ಗಾಡಿಯ ಕೈಪಿಡಿ ಕೇಳಿದ್ದರೆ ಮಾತ್ರ ಹಾಕಿಸಿ. ಕ್ರೆಡಿಟ್ ಕಾರ್ಡ್‌ನ ಸರ್ಚಾರ್ಜ್ ವಾಪಸ್ ಬಂದರೂ ಅದರ ಮೇಲಿನ ಜಿಎಸ್‌ಟಿ ಬರುವುದಿಲ್ಲ; ಯುಪಿಐ ಸಲೀಸು.

ದರದ ನಿಜವಾದ ಪೈಪೋಟಿ ನೋಡಬೇಕೆಂದರೆ ರಾಜ್ಯದ ಗಡಿಗೆ ಹೋಗಬೇಕು. ಕೇರಳದಲ್ಲಿ 2023ರ ಏಪ್ರಿಲ್‌ನಿಂದ ಲೀಟರಿಗೆ 2 ರೂಪಾಯಿ ಹೆಚ್ಚುವರಿ ಸೆಸ್ ಇದೆ. ಹೀಗಾಗಿ ಮಂಗಳೂರು ಕಡೆ ಬರುವ ಕಾಸರಗೋಡಿನವರಿಗೆ ತಲಪಾಡಿ ದಾಟಿದ ಮೇಲೆ ಟ್ಯಾಂಕ್ ತುಂಬಿಸುವುದೇ ಲಾಭ. ಕಾರವಾರದವರಿಗೆ ಅಗ್ಗ ಸಿಗುವುದು ಗೋವಾದಲ್ಲಿ. ಅಲ್ಲೂ ಬೇರೆ ಕೆಲಸಕ್ಕೆ ಹೋದಾಗ ಹಾಕಿಸಿಕೊಂಡು ಬಂದರಷ್ಟೇ ಲೆಕ್ಕ ಕೂಡುತ್ತದೆ.

ಉಚಿತ ಗಾಳಿಯೂ ಬಂಕ್‌ನ ಕರ್ತವ್ಯವೇ. ಸ್ಕೂಟರಿನ ಟೈರಿನಲ್ಲಿ ಗಾಳಿ ಇಳಿದು ಮೈಲೇಜ್ 45ರಿಂದ 42ಕ್ಕೆ ಬಂದರೆ ತಿಂಗಳಿಗೆ 120 ರೂಪಾಯಿ ಹೆಚ್ಚು ಸುಡುತ್ತದೆ. ಆದರೆ ‘ಮೆಷಿನ್ ಕೆಟ್ಟಿದೆ’ ಎಂಬ ರಟ್ಟಿನ ಬೋರ್ಡು ತಿಂಗಳಾದರೂ ಇಳಿಯದ ಬಂಕ್‌ಗಳೇನೂ ಕಡಿಮೆ ಇಲ್ಲ. ದೂರಿನ ಪುಸ್ತಕ ಕೇಳಿ ಎರಡು ಸಾಲು ಬರೆದು, ಆ ಪುಟದ ಫೋಟೊ ತೆಗೆದಿಟ್ಟುಕೊಳ್ಳಿ.