ಮೆಟ್ಟಿಲ ಮೇಲಿನ ಸ್ಕೈಲೈಟ್: ಸೋರುತ್ತೆ ಅಂದರು, ಸೋರಲಿಲ್ಲ, ತೊಂದರೆ ಕೊಟ್ಟಿದ್ದು ಬೇರೆ

ಬೆಂಗಳೂರಿನಲ್ಲಿ 30x40 ಸೈಟಿನಲ್ಲಿ ಮನೆ ಕಟ್ಟಿಸಿದವರಿಗೆ ಈ ಕಷ್ಟ ಗೊತ್ತಿರುತ್ತದೆ. ಎಡಕ್ಕೂ ಬಲಕ್ಕೂ ಪಕ್ಕದವರ ಗೋಡೆ. ನಮ್ಮ ಊಟದ ಜಾಗ ಮನೆಯ ನಟ್ಟನಡುವೆ ಇದೆ. ಅಲ್ಲಿ ಹಗಲಲ್ಲೂ ಲೈಟ್ ಹಾಕಿಕೊಂಡೇ ಕೂರಬೇಕು ಅಂತ ಪ್ಲ್ಯಾನ್ ನೋಡಿದಾಗಲೇ ಗೊತ್ತಾಗಿತ್ತು. ಅದಕ್ಕೇ ಮೆಟ್ಟಿಲಿನ ಮೇಲೆ, ಹೆಡ್‌ರೂಮಿನ ಸ್ಲ್ಯಾಬಿನಲ್ಲಿ, ನಾಲ್ಕಡಿ ಅಗಲ ಐದಡಿ ಉದ್ದದ ಸ್ಕೈಲೈಟ್, ಅಂದರೆ ಬೆಳಕು ಬರಲು ಚಾವಣಿಯಲ್ಲಿ ಗಾಜಿನ ಕಿಂಡಿ, ಹಾಕಿಸಿದೆವು. ಮೋಟಾರಿನಲ್ಲಿ ತೆರೆದು ಮುಚ್ಚುವಂಥದ್ದು ನಮ್ಮ ಬಜೆಟ್ಟಿಗೆ ಆಗಲಿಲ್ಲ. ನಮ್ಮದು ಪೂರ್ತಿ ಮುಚ್ಚಿದ ಗಾಜು.

ಮನೆಗೆ ಬಂದ ನೆಂಟರೆಲ್ಲ ಹೇಳಿದ್ದು ಒಂದೇ: 'ಸೋರುತ್ತೆ, ಬೇಡ.' ಸೆಪ್ಟೆಂಬರ್-ಅಕ್ಟೋಬರಿನಲ್ಲಿ ಸಂಜೆ ಹೊತ್ತು ಬಡಿಯುವ ಮಳೆ ಇದೆಯಲ್ಲ, ಅದನ್ನೂ ಈ ಗಾಜು ಕೆಲವು ವರ್ಷ ತಡೆದುಕೊಂಡಿದೆ. ಒಂದು ಹನಿಯೂ ಒಳಗೆ ಬಿದ್ದಿಲ್ಲ. ಗಾಜು ಎಲ್ಲಿ ಸೋರುತ್ತದೆ ಹೇಳಿ? ಸೋರುವುದು ಗಾಜು ಮತ್ತು ಗೋಡೆ ಸೇರುವ ಕಡೆ. ನಮ್ಮ ಮೇಸ್ತ್ರಿ ತೂತಿನ ಸುತ್ತ ಮುಕ್ಕಾಲು ಅಡಿಗಿಂತ ಎತ್ತರಕ್ಕೆ ಇಟ್ಟಿಗೆ ಕಟ್ಟೆ ಕಟ್ಟಿ, ಗಾಜನ್ನು ಕಟ್ಟೆಯಿಂದ ಎರಡಿಂಚು ಆಚೆಗೆ ಚಾಚಿ, ಒಳ್ಳೆ ವಾಟ ಕೊಟ್ಟರು. ನೀರು ಬಿದ್ದ ಹಾಗೇ ಜಾರಿ ಹೋಗುತ್ತದೆ, ಸಂದಿಯ ಹತ್ತಿರ ನಿಲ್ಲುವುದೇ ಇಲ್ಲ. ಚಪ್ಪಟೆಯಾಗಿ ಗಾಜು ಮಲಗಿಸಿ, ಸಿಲಿಕೋನ್ ಬಳಿದು ಹೋದ ಕಡೆಯೆಲ್ಲ ಸೋರಿರಬೇಕು. ಹೆಸರು ಮಾತ್ರ ಸ್ಕೈಲೈಟಿಗೆ ಕೆಟ್ಟಿತು.

ಒಂದು ಜನವರಿಯ ಬೆಳಿಗ್ಗೆ ಗಾಜಿನ ಒಳಮೈಯಲ್ಲಿ ಹನಿ ಕಟ್ಟಿದ್ದು ನೋಡಿ, ವಾಟರ್‌ಪ್ರೂಫಿಂಗಿನವರೊಬ್ಬರು 'ಲೀಕ್ ಶುರುವಾಗಿದೆ, ಮೇಲೆ ಕೋಟಿಂಗ್ ಮಾಡಿಸಿ' ಅಂದರು. ಮಳೆ ಬಂದು ವಾರಗಟ್ಟಲೆ ಆಗಿತ್ತು! ರಾತ್ರಿ ಗಾಜು ತಣ್ಣಗಾಗುತ್ತದೆ, ಬೆಳಿಗ್ಗೆ ಅಡುಗೆಮನೆಯ ಹಬೆ ಮೇಲೇರಿ ಅಲ್ಲಿ ನೀರಾಗುತ್ತದೆ, ಅಷ್ಟೆ. ಮಳೆಯಿಲ್ಲದ ದಿನ ಹನಿ ಕಂಡರೆ ದುಡ್ಡು ಬಿಚ್ಚುವ ಮುಂಚೆ ಬಟ್ಟೆಯಲ್ಲಿ ಒರೆಸಿ ನೋಡಿ.

ಇನ್ನು ಬೆಳಕಿನ ವಿಷಯ. ನಾನು ಊಟದ ಜಾಗಕ್ಕೆ ಬೆಳಕು ಬಂದರೆ ಸಾಕು ಅಂದುಕೊಂಡಿದ್ದೆ. ಈಗ ಮನೆಯ ಬೆಳಗೆಲ್ಲ ಆ ಮೆಟ್ಟಿಲ ಮೇಲೇ ನಡೆಯುತ್ತದೆ. ಅತ್ತೆ ಕಾಫಿ ಲೋಟ ಹಿಡಿದು ಕೆಳಗಿನಿಂದ ಮೂರನೇ ಮೆಟ್ಟಿಲಲ್ಲಿ ಪೇಪರ್ ಹರಡಿ ಕೂರುತ್ತಾರೆ. ಸಣ್ಣಕ್ಷರ ಅಲ್ಲಿ ಕನ್ನಡಕ ಇಲ್ಲದೇ ಕಾಣುತ್ತದಂತೆ. ಅವರೆಕಾಯಿ ಕಾಲದಲ್ಲಿ ಲ್ಯಾಂಡಿಂಗಿನಲ್ಲಿ ಚಾಪೆ ಹಾಸಿ, ನೆನೆಸಿದ ಕಾಳಿನ ಪಾತ್ರೆ ಪಕ್ಕಕ್ಕಿಟ್ಟುಕೊಂಡು ಇಬ್ಬರೂ ಹಿಸುಕುತ್ತೇವೆ. ಹುಳ ತಿಂದ ಕಾಳು ಆ ಬೆಳಕಿನಲ್ಲಿ ತಟ್ಟನೆ ಕಣ್ಣಿಗೆ ಬೀಳುತ್ತದೆ. ಅಕ್ಕಿ ಆರಿಸುವುದೂ ಅಲ್ಲೇ. ಡಿಸೆಂಬರಿನಲ್ಲಿ ಸೂರ್ಯ ದಕ್ಷಿಣಕ್ಕೆ ವಾಲಿರುತ್ತಾನೆ, ಹಾಗಾಗಿ ಬಿಸಿಲಿನ ಚೌಕ ಉತ್ತರದ ಗೋಡೆಯಲ್ಲೇ ಮೇಲೆ ನಿಂತಿರುತ್ತದೆ. ಬೇಸಿಗೆ ಹತ್ತಿರವಾದಂತೆ ದಿನಾ ಸ್ವಲ್ಪ ಸ್ವಲ್ಪ ಕೆಳಗಿಳಿಯುತ್ತದೆ. ಏಪ್ರಿಲ್ 24-25ರ ಸುಮಾರಿಗೆ, ಮಧ್ಯಾಹ್ನ ಹನ್ನೆರಡು ಇಪ್ಪತ್ತರ ಹೊತ್ತಿಗೆ, ನೇರವಾಗಿ ನೆಲಕ್ಕೇ ಬೀಳುತ್ತದೆ. ಬೆಂಗಳೂರಿನಲ್ಲಿ ಅದು ನೆರಳೇ ಇಲ್ಲದ ದಿನ, ಸೂರ್ಯ ಸರಿಯಾಗಿ ನೆತ್ತಿಯ ಮೇಲಿರುತ್ತಾನೆ.

ನನ್ನ ಸಿಟ್ಟೆಲ್ಲ ಇಲ್ಲಿಂದಲೇ ಶುರು.

ಗಾಜು ಹಾಕಿದ ಅಂಗಡಿಯವರು 'ಉತ್ತರಕ್ಕೆ ವಾಟ ಕೊಡ್ತೀವಿ ಮೇಡಂ, ಬಿಸಿಲೇ ಬರಲ್ಲ' ಅಂದಿದ್ದರು. ಈ ಮಾತನ್ನು ಎಷ್ಟೋ ಜನ ನಂಬಿದ್ದಾರೆ. ನಮಗಿಂತ ತುಂಬಾ ಉತ್ತರದಲ್ಲಿರುವ ದೇಶಗಳಲ್ಲಿ ಇದು ಸರಿ, ಅಲ್ಲಿ ಮಧ್ಯಾಹ್ನದ ಸೂರ್ಯ ಯಾವಾಗಲೂ ದಕ್ಷಿಣಕ್ಕೇ ಇರುತ್ತಾನೆ. ನಾವಿರುವುದು 13 ಡಿಗ್ರಿ ಉತ್ತರ ಅಕ್ಷಾಂಶದಲ್ಲಿ. ಏಪ್ರಿಲ್ ಕೊನೆಯಿಂದ ಆಗಸ್ಟ್ 18ರ ಸುಮಾರಿನವರೆಗೆ ಮಧ್ಯಾಹ್ನದ ಸೂರ್ಯ ನಮಗೆ ಉತ್ತರಕ್ಕಿರುತ್ತಾನೆ. ಅಂದರೆ ಮೇ ತಿಂಗಳ ಬಿಸಿಲಿಗೆ ಉತ್ತರದ ವಾಟ ಎದೆಯೊಡ್ಡಿ ನಿಂತ ಹಾಗೆ. 'ಗಾಜಿನ ಕೆಳಗೆ ಗಾಳಿಗೆ ಲೂವರ್ ಬೇಡವಾ?' ಅಂತ ನಾನೇ ಕೇಳಿದ್ದೆ. ಲೂವರ್ ಅಂದರೆ ಓರೆಯಾಗಿ ಪಟ್ಟಿ ಜೋಡಿಸಿದ ಗಾಳಿಕಿಂಡಿ. 'ಇರಚಲು ಹೊಡೆಯುತ್ತೆ, ಬೇಡ' ಅಂತ ತಳ್ಳಿಹಾಕಿದರು. ಮೊದಲ ಬೇಸಿಗೆಯಲ್ಲೇ ಮೆಟ್ಟಿಲ ಮೇಲ್ಭಾಗ ಕಾದು, ಆ ಬಿಸಿಯೆಲ್ಲ ಮಹಡಿಯ ರೂಮಿಗೆ ನುಗ್ಗಿತು. ಫ್ಯಾನ್ ಹಾಕಿದರೆ ಬಿಸಿಗಾಳಿ. ಮಗಳು ಓದಲು ಕೆಳಗೆ ಬಂದು ಕೂತಳು. ಫೋನ್ ಮಾಡಿದರೆ 'ಒಳಗೆ ಪರದೆ ಹಾಕಿಸಿ' ಅನ್ನುವ ಉತ್ತರ. ಬಿಸಿಲು ಗಾಜು ದಾಟಿ ಒಳಗೆ ಬಂದ ಮೇಲೆ ಪರದೆ ಕಟ್ಟಿ ಏನು ಪ್ರಯೋಜನ? ಆ ಪರದೆಯೇ ಕಾದು ಒಳಗೆ ಶಾಖ ಬಿಡುತ್ತದೆ. ಇಷ್ಟು ದುಡ್ಡು ತೆಗೆದುಕೊಂಡವರು ಊರಿನ ಸೂರ್ಯ ಯಾವ ಕಡೆಯಿಂದ ಬರುತ್ತಾನೆ ಅಂತಾದರೂ ತಿಳಿದಿರಬೇಕು, ಅಲ್ವಾ?

ಕೊನೆಗೆ ಮೇಸ್ತ್ರಿಯೇ ದಾರಿ ತೋರಿಸಿದರು. ಗಾಜಿನ ಕೆಳಗೆ ಎದುರುಬದುರು ಎರಡು ಕಡೆ ಇಟ್ಟಿಗೆ ಬಿಡಿಸಿ, ಹೊರಕ್ಕೆ ಬಾಗಿದ ಲೂವರ್ ಕೂರಿಸಿ, ಸೊಳ್ಳೆ ಜಾಲರಿ ಹೊಡೆದರು. ಬಿಸಿಗಾಳಿ ಮೇಲೇರಿ ತಾನಾಗಿ ಹೊರಗೆ ಹೋಗುತ್ತದೆ. ಮಧ್ಯಾಹ್ನ ಲೂವರಿನ ಹೊರಗೆ ಕೈ ಒಡ್ಡಿದರೆ ಅಂಗೈಗೆ ಬಿಸಿ ತಗಲುತ್ತದೆ. ಮಾರ್ಚಿನಿಂದ ಮುಂಗಾರು ಹಿಡಿಯುವ ತನಕ ಗಾಜಿನ ಮೇಲೆ, ಒಂದಡಿ ಬಿಟ್ಟು, ನರ್ಸರಿಯವರು ಕಟ್ಟುವ ಹಸಿರು ನೆಟ್ ಕಟ್ಟುತ್ತೇವೆ. ಇರಚಲು? ಗಾಳಿ ಜೋರಾಗಿದ್ದ ದಿನ ಜಾಲರಿ ಒದ್ದೆಯಾಗುತ್ತದೆ, ಅದಕ್ಕಿಂತ ಒಳಗೆ ಬಂದಿಲ್ಲ. ಜನವರಿಯ ಹನಿಯೂ ಈಗ ಕಾಣುವುದಿಲ್ಲ. ಮಗಳು ಮತ್ತೆ ಮಹಡಿಗೆ ಹೋದಳು.

ಗಾಜಿನ ಬಗ್ಗೆ ಒಂದು ಮಾತು. 'ಟಫನ್ಡ್ ಗಾಜು, ಒಡೆಯಲ್ಲ' ಅನ್ನುವುದನ್ನು ನಂಬಬೇಡಿ. ಅದೂ ಒಡೆಯುತ್ತದೆ, ಒಡೆದರೆ ಸಣ್ಣ ಹರಳಾಗಿ ತಲೆಯ ಮೇಲೆ ಸುರಿಯುತ್ತದೆ. ಎರಡು ಗಾಜಿನ ನಡುವೆ ಪ್ಲಾಸ್ಟಿಕ್ ಪದರ ಇರುವ ಲ್ಯಾಮಿನೇಟೆಡ್ ಗಾಜೇ ಬೇಕು. ಪಕ್ಕದ ಮನೆಯ ಮರದಿಂದ ತೆಂಗಿನಕಾಯಿ ಬಿದ್ದಾಗ ನಮ್ಮ ಮೇಲಿನ ಗಾಜು ಪೂರ್ತಿ ಬಿರುಕು ಬಿಟ್ಟಿತು. ಚೂರೆಲ್ಲ ಪದರಕ್ಕೆ ಅಂಟಿಕೊಂಡೇ ಇದ್ದವು, ಮೆಟ್ಟಿಲಿಗೆ ಒಂದೂ ಬೀಳಲಿಲ್ಲ. ಪಾಲಿಕಾರ್ಬೊನೇಟ್ ಶೀಟ್ ಅಗ್ಗ, ನಿಜ. ಹಾಕುವವರು ಬಿಸಿಲು ತಡೆಯುವ ಕೋಟಿಂಗ್ ಇರುವ ಮೈಯನ್ನು ಮೇಲೆ ಮಾಡುವುದು ಮರೆತರೆ ಬೇಗ ಹಳದಿಯಾಗುತ್ತದೆ. ಮಳೆ ಬಂದರೆ ಟಿವಿ ಕೇಳಿಸದಷ್ಟು ಸದ್ದು ಬೇರೆ.

ಐದಕ್ಕೆ ನಾಲ್ಕು ಕೊಡುತ್ತೇನೆ. ಒಂದು ಕಡಿಮೆ ಮಾಡಿದ್ದು ಅಂಗಡಿಯವರ ಲೂವರ್ ಮಾತಿಗೆ. ಹೊಸ ಮನೆಯಾದರೆ ಸ್ಲ್ಯಾಬಿಗೆ ಕಂಬಿ ಕಟ್ಟುವ ಮುಂಚೆಯೇ ತೂತಿನ ಅಳತೆ ಇಂಜಿನಿಯರಿಗೆ ಹೇಳಿ. ಆಮೇಲೆ ಕೊರೆಸುವುದು ಸುಮ್ನೆ ಆಗುವ ಕೆಲಸವಲ್ಲ, ಕಂಬಿ ಕತ್ತರಿಸಿದರೆ ಸ್ಲ್ಯಾಬಿನ ಬಲವೇ ಹೋಗುತ್ತದೆ. ನೆಟ್ ಬಿಚ್ಚುವ ದಿನವೇ ಸಂದಿಯ ಸಿಲಿಕೋನ್ ಎಲ್ಲಾದರೂ ಎದ್ದಿದೆಯಾ ಅಂತ ನಾವು ಬೆರಳಾಡಿಸಿ ನೋಡುತ್ತೇವೆ. ಎದ್ದಿದ್ದರೆ ಅಲ್ಲಿ ಕೆರೆದು ಹೊಸದಾಗಿ ಹಾಕಿಸಿದರೆ ಆ ಮಳೆಗಾಲಕ್ಕೆ ಸಾಕು.