ಪಿಕಪ್‌ನಲ್ಲಿ ನೀರು ಹೊರಲು: ಕರಿ ಟ್ಯಾಂಕೋ, ಮೆತ್ತೆ ಟ್ಯಾಂಕೋ, ನೀಲಿ ಡ್ರಮ್ಮೋ?

ಮೊದಲೇ ಹೇಳಿಬಿಡುತ್ತೇನೆ, ನನ್ನ ಓಟು ನೀಲಿ ಡ್ರಮ್ಮಿಗೆ. ಉಳಿದ ಎರಡನ್ನೂ ಸ್ವಂತ ದುಡ್ಡಲ್ಲೇ ತಂದು, ಸ್ವಂತ ಗಾಡಿಗೇ ಕಟ್ಟಿ, ಚೆನ್ನಾಗಿ ಪೆಟ್ಟು ತಿಂದಿದ್ದೇನೆ.

ನಮ್ಮ ಕಾಫಿ ತೋಟ ಕೊಡಗಿನ ಸುಂಟಿಕೊಪ್ಪದಿಂದ ಮಾದಾಪುರದ ಕಡೆ ಹೋಗುವಾಗ ಸಿಗುವ ಒಂದು ಗುಡ್ಡದ ಓರೆಯಲ್ಲಿದೆ. ಕೆರೆ, ಬಾವಿ ಎರಡೂ ಕೆಳಗೆ. ಕೆಲಸದವರ ಸಾಲುಮನೆ, ಅಂದರೆ ಲೈನ್ ಮನೆ, ಮೇಲೆ. ಹೊಸದಾಗಿ ನೆಟ್ಟ ರೋಬಸ್ಟಾ ಕಾಫಿ ಗಿಡ ಇನ್ನೂ ಮೇಲೆ. ಮೊದಲು ಗುಡ್ಡದ ಒರತೆಯಿಂದ ಪೈಪಿನಲ್ಲಿ ನೀರು ತಾನಾಗಿ ಇಳಿದು ಬರುತ್ತಿತ್ತು. 2018ರ ಆಗಸ್ಟ್‌ನಲ್ಲಿ ಗುಡ್ಡ ಜರಿದಾಗ ಪೈಪೂ ಹೋಯಿತು, ಒರತೆಯೂ ಎಲ್ಲೋ ದಾರಿ ಬದಲಿಸಿತು. ಅಂದಿನಿಂದ ಫೆಬ್ರವರಿ ಬಂತೆಂದರೆ ಕಾಫಿ ಹೂ ಅರಳಿಸುವ ಹೂಮಳೆ ಬೀಳುವವರೆಗೆ ವಾರಕ್ಕೆ ಎರಡು ಮೂರು ಸಲ ನೀರು ಹೊರುವುದೇ ಕೆಲಸ.

ಮೊದಲು ತಂದಿದ್ದು ಮನೆ ಮೇಲೆ ಇಡುವಂಥ 500 ಲೀಟರಿನ ಕರಿ ಟ್ಯಾಂಕ್. ಒಂದೇ ಟ್ಯಾಂಕ್, ಒಂದೇ ನಲ್ಲಿ, ಕೆಲಸ ಸುಲಭ ಅಂತ ಲೆಕ್ಕ. ನೈಲಾನ್ ಹಗ್ಗದಲ್ಲಿ ನಾಲ್ಕು ಸುತ್ತು ಬಿಗಿದೆ. ತುಂಬಿದ ಟ್ಯಾಂಕ್ ಮೇಲೆ ಹೋಗುವಾಗ ಏನೂ ಆಗಲಿಲ್ಲ. ಲೈನ್ ಮನೆ ಹತ್ತಿರ ಅರ್ಧ ನೀರು ಬಿಟ್ಟು, ಉಳಿದದ್ದನ್ನು ಗಿಡಗಳಿಗೆ ಅಂತ ಹೊರಟೆನಲ್ಲ, ಅಲ್ಲಿ ಶುರುವಾಯಿತು. ತಿರುವಿನಲ್ಲಿ ಬ್ರೇಕ್ ಒತ್ತಿದೆ. ಗಾಡಿ ನಿಂತಿತು, ನೀರು ನಿಲ್ಲಲಿಲ್ಲ. ಮುಂದಕ್ಕೆ ಬಂದು ಧಡ್ ಅಂತ ಹೊಡೆಯಿತು, ಹಿಂದಕ್ಕೆ ಹೋಯಿತು, ಮತ್ತೆ ಬಂತು. ಹಗ್ಗ ಹಿಗ್ಗಿ, ಟ್ಯಾಂಕಿನ ನುಣುಪು ಮೈಮೇಲೆ ಜಾರಿ, ಹೆಗಲು ದಾಟಿ ಹೊರಗೆ ಬಂದುಬಿಟ್ಟಿತ್ತು. ಕ್ಲಚ್ ಬಿಟ್ಟು ಏರು ಹತ್ತಿಸಿದ ತಕ್ಷಣ 250 ಕಿಲೋ ನೀರು ಹಿಂದಿನ ಬಾಗಿಲಿಗೆ ಗುದ್ದಿತು. ಬಾಗಿಲು ತೆರೆದು ಟ್ಯಾಂಕ್ ಉರುಳಿ ಹೋಗಿ ಒಂದು ಸಿಲ್ವರ್ ಓಕ್ ಮರಕ್ಕೆ ತಗುಲಿ ನಿಂತಿತು. ಮರಕ್ಕೆ ಏನೂ ಆಗಲಿಲ್ಲ. ಅದಕ್ಕೆ ಹಬ್ಬಿದ್ದ ಹತ್ತು ವರ್ಷದ ಕರಿಮೆಣಸಿನ ಬಳ್ಳಿ ಬುಡದಲ್ಲೇ ಕಿತ್ತುಬಂತು. ನನಗೆ ಇವತ್ತಿಗೂ ಬೇಜಾರಿರುವುದು ಅದಕ್ಕೇ.

ಮಲ್ಪೆಯಲ್ಲಿ ನಮ್ಮ ಭಾವನ ಒಂದು ಸಣ್ಣ ದೋಣಿ ಇದೆ. ಫೋನಿನಲ್ಲಿ ಕಥೆ ಕೇಳಿ ಅವರು ನಕ್ಕಿದ್ದೇ ನಕ್ಕಿದ್ದು. "ಪೂರ್ತಿ ತುಂಬಿಸು, ಇಲ್ಲಾ ಪೂರ್ತಿ ಖಾಲಿ ಮಾಡು. ಅರ್ಧ ಮಾತ್ರ ಬೇಡ ಮಾರಾಯ" ಅಂದರು. ಕುಡಿಯುವ ನೀರಿನ ಟ್ಯಾಂಕನ್ನು ದೋಣಿಯಲ್ಲಿ ಆದಷ್ಟು ತಗ್ಗಿನಲ್ಲಿ, ನಡುಮಧ್ಯಕ್ಕೆ ಹತ್ತಿರ ಇಡುತ್ತಾರಂತೆ. ದೊಡ್ಡ ಟ್ಯಾಂಕಾದರೆ ಒಳಗೆ ತೂತಿರುವ ಅಡ್ಡಗೋಡೆ ಇರುತ್ತದೆ, ನೀರು ಒಟ್ಟಿಗೆ ಒಂದೇ ಕಡೆ ನುಗ್ಗುವುದಿಲ್ಲ. ಮನೆ ಮೇಲಿನ ಟ್ಯಾಂಕಿಗೆ ಅದೆಲ್ಲ ಯಾಕಿರುತ್ತದೆ ಹೇಳಿ, ಅದು ನಡೆಯುವುದೇ ಇಲ್ಲವಲ್ಲ.

ದೋಣಿಯ ಮಾತು ಕೇಳಿಯೇ ಎರಡನೆಯದನ್ನು ತರಿಸಿದೆ. ಮೆತ್ತೆ ಟ್ಯಾಂಕ್. ದಪ್ಪ ರಬ್ಬರ್ ಬಟ್ಟೆಯ ಚೀಲ, ತುಂಬಿದರೆ ಹಾಸಿಗೆ ಥರ ಮಲಗುತ್ತದೆ. ನೀರು ಕಮ್ಮಿಯಾದಂತೆ ತಾನೂ ಕುಗ್ಗುತ್ತದೆ, ಒಳಗೆ ಗಾಳಿ ಇರುವುದಿಲ್ಲ, ಹಾಗಾಗಿ ಕುಲುಕಾಟವೂ ಕಮ್ಮಿ. ಭಾರವೆಲ್ಲ ತಗ್ಗಿನಲ್ಲಿ. ಓಡಿಸಲು ಮೂರರಲ್ಲಿ ಇದೇ ಸುಖ, ಒಪ್ಪುತ್ತೇನೆ. ಆದರೆ ಪಿಕಪ್ ತಳದಲ್ಲಿ ಬೋಲ್ಟಿನ ತಲೆಗಳಿವೆ, ಗೊಬ್ಬರದ ಚೀಲದಿಂದ ಬಿದ್ದ ಕಲ್ಲುಗಳಿವೆ. ಒಂದೇ ಬೇಸಿಗೆಯಲ್ಲಿ ಎರಡು ತೂತು. ಅಡಿಗೆ ಹಳೆ ಕಾರ್ಪೆಟ್ ಹಾಕಿದರೆ ಅದರ ಸಮೇತ ಜಾರುತ್ತಿತ್ತು. ಒಳಗೆ ಕೈ ಹಾಕಿ ತೊಳೆಯುವಂತಿಲ್ಲ. ಬೆಲೆ 7,000 ಹತ್ತಿರ. ನೀರಿಗೆ ಹೊಸ ಚಪ್ಪಲಿಯ ವಾಸನೆ.

ಕೊನೆಗೆ ಬಂದದ್ದು 200 ಲೀಟರಿನ ನೀಲಿ ಡ್ರಮ್, ಕುಶಾಲನಗರದಲ್ಲಿ ಸೆಕೆಂಡ್ ಹ್ಯಾಂಡ್, ಒಂದಕ್ಕೆ 1,200 ರೂಪಾಯಿ. ಮೂರು ತಂದೆ. ಇದರಲ್ಲಿ ಅರ್ಧ ಟ್ಯಾಂಕಿನ ತಲೆನೋವೇ ಇಲ್ಲ. ಒಂದು ಡ್ರಮ್ ಲೈನ್ ಮನೆಯಲ್ಲಿ ಪೂರ್ತಿ ಖಾಲಿ, ಇನ್ನೊಂದು ಕಂಠದವರೆಗೆ ತುಂಬಿದ್ದು ಮೇಲಕ್ಕೆ. ಕಾಫಿ ಮೂಟೆ ಹೇರಬೇಕಾದ ದಿನ ಡ್ರಮ್ ಉರುಳಿಸಿ ಇಳಿಸಿದರೆ ಆಯಿತು.

ಆದರೆ ನಲ್ಲಿ ಕೂರಿಸುವುದಿದೆಯಲ್ಲ, ಅದು ನನ್ನ ಎರಡು ಭಾನುವಾರ ತಿಂದಿತು.

ನಾನು ತಂದದ್ದು ಸಣ್ಣ ಬಾಯಿಯ ಡ್ರಮ್. ಮೇಲೆ ಎರಡು ಬಿರಟೆ, ಕೈ ಹೋಗುವುದಿಲ್ಲ. ತಳದ ಹತ್ತಿರ ತೂತು ಕೊರೆದ ಮೇಲೆ ಹೊಳೆಯಿತು, ನಲ್ಲಿ ಕೂರಿಸುವ ಟ್ಯಾಂಕ್ ನಿಪ್ಪಲ್ (ಅಗಲ ತಲೆಯ ಸಣ್ಣ ಪೈಪ್ ತುಂಡು) ಒಳಗಿನಿಂದ ಬರಬೇಕಲ್ವಾ? ಪಕ್ಕದ ತೋಟದ ಲೆಕ್ಕ ಬರೆಯುವ ರೈಟರ್ ಒಂದು ಉಪಾಯ ಹೇಳಿಕೊಟ್ಟರು. ತೂತಿನಿಂದ ಒಂದು ತಂತಿ ತೂರಿಸಿ, ಡ್ರಮ್ ಮಗುಚಿ, ತಂತಿಯ ತುದಿಯನ್ನು ಬಿರಟೆಯ ಬಾಯಿಂದ ಹೊರಗೆಳೆಯುವುದು. ಅದಕ್ಕೆ ನಿಪ್ಪಲ್ ಪೋಣಿಸಿ, ತುದಿಗೊಂದು ಗಂಟು ಹಾಕಿ, ತೂತಿನ ಕಡೆಯಿಂದ ಮೆಲ್ಲಗೆ ಎಳೆದರೆ ನಿಪ್ಪಲ್ ತಾನಾಗಿ ತೂತಿಗೆ ಬಂದು ಕೂರುತ್ತದೆ. ಹೊರಗಿನಿಂದ ವಾಷರ್, ನಟ್ಟು. ಉಪಾಯ ಸರಿಯೇ. ನಾನು ತಂದದ್ದು ಒಂದು ಇಂಚಿನ ನಿಪ್ಪಲ್, ಅದರ ಅಗಲ ತಲೆ ಬಿರಟೆಯ ಬಾಯಲ್ಲಿ ಹಿಡಿಸಲಿಲ್ಲ. ಮತ್ತೆ ಸುಂಟಿಕೊಪ್ಪಕ್ಕೆ ಹೋಗಿ ಮುಕ್ಕಾಲು ಇಂಚಿನದು ತಂದೆ. ತೂತು ಆಗಲೇ ದೊಡ್ಡದಾಗಿತ್ತು! ಆ ಡ್ರಮ್ ಈಗ ಕೋಳಿ ಗೂಡಿನ ಪಕ್ಕ ಮಳೆನೀರು ಹಿಡಿಯುತ್ತಿದೆ. ಬದಲಿಗೆ ಇನ್ನೊಂದು ತಂದೆ.

ಎರಡನೇ ಸಲ ನಿಪ್ಪಲ್ ಕೂತಿತು. ಅದಕ್ಕೆ ಗಟ್ಟಿ ಪಿವಿಸಿ ಪೈಪ್ ಅಂಟಿಸಿ, ಪೈಪನ್ನು ಗಾಡಿಯ ಬಾಡಿಗೆ ಕ್ಲಾಂಪ್ ಹೊಡೆದೆ. ನೋಡಲು ಚೆಂದ ಇತ್ತು. ಮೂರನೇ ಟ್ರಿಪ್ಪಿಗೆ ನಿಪ್ಪಲ್ ಬುಡದಲ್ಲೇ ಬಿರುಕು. ಎಷ್ಟೇ ಬಿಗಿದರೂ ಡ್ರಮ್ ಕೂದಲೆಳೆಯಷ್ಟು ಆಡುತ್ತದೆ, ತುಂಬಿದಾಗ ಸ್ವಲ್ಪ ಉಬ್ಬುತ್ತದೆ. ಕ್ಲಾಂಪ್ ಹೊಡೆದ ಪೈಪ್ ಆಡುವುದಿಲ್ಲ. ಏಟೆಲ್ಲ ನಡುವಿನ ನಿಪ್ಪಲ್ಲಿಗೆ. ಈಗ ನಿಪ್ಪಲ್ಲಿನಿಂದ ಒಂದು ಅಡಿ ಮೆತ್ತನೆ ಹೋಸ್, ಎರಡು ಕಡೆ ಸ್ಟೀಲ್ ಕ್ಲಿಪ್, ಆಮೇಲೆ ನಲ್ಲಿ. ಒಂದು ಹನಿ ಸೋರಿಲ್ಲ. ನೀರು ಬಿಡುವಾಗ ಮೇಲಿನ ಒಂದು ಬಿರಟೆ ಸಡಿಲ ಮಾಡಲು ಮರೆಯಬೇಡಿ. ಗಾಳಿ ಹೋಗದಿದ್ದರೆ ಗುಳುಗುಳು ಅಂದು ನಿಂತುಬಿಡುತ್ತದೆ.

ಕಟ್ಟುವುದಕ್ಕೆ ಹಗ್ಗ ಬೇಡವೇ ಬೇಡ. ಲಾರಿಯವರ ರ‍್ಯಾಚೆಟ್ ಬೆಲ್ಟ್ ತನ್ನಿ, ಹಿಡಿ ಆಡಿಸಿ ಬಿಗಿಯುವ ಪಟ್ಟಿ ಅದು, ಹಗ್ಗದಷ್ಟು ಹಿಗ್ಗುವುದಿಲ್ಲ. ಡ್ರಮ್ಮಿನ ಮೈಮೇಲೆ ಉಬ್ಬು ಪಟ್ಟಿ ಇರುತ್ತದೆ, ಅದರ ಕೆಳಗೆ ಒಂದು ಬೆಲ್ಟ್ ಕ್ಯಾಬಿನ್ ಕಡೆಗೆ ಎಳೆದು, ತಲೆ ಮೇಲೆ ಇನ್ನೊಂದು ಅಡ್ಡ. ಆದರೆ ಬೆಲ್ಟ್ ಒಂದೇ ಸಾಲದು. ಡ್ರಮ್ಮಿನ ಬುಡ ಜಾರದಂತೆ ಸುತ್ತ ಮರದ ರೀಪಿನ ಚೌಕಟ್ಟು ಮಾಡಿ, ಗಾಡಿಯ ತಳಕ್ಕೆ ತೂತು ಹಾಕಿ ಬೋಲ್ಟಿನಲ್ಲಿ ಕೂರಿಸಿದ್ದೇನೆ, ಕೆಳಗಿನಿಂದ ಅಗಲ ವಾಷರ್. ರೀಪಿಗೂ ಡ್ರಮ್ಮಿಗೂ ನಡುವೆ ಹಳೆ ಟ್ಯೂಬಿನ ತುಂಡು. ಉಬ್ಬುವುದಕ್ಕೆ ಜಾಗವೂ ಆಯಿತು, ಉಜ್ಜುವುದೂ ತಪ್ಪಿತು. ಎರಡೂ ಡ್ರಮ್ ಕ್ಯಾಬಿನ್ನಿಗೆ ಒತ್ತಿ ಇರಲಿ. ಹಿಂದಿನ ಬಾಗಿಲಿನ ಹತ್ತಿರ ಇಟ್ಟರೆ ಏರಿನಲ್ಲಿ ಸ್ಟೇರಿಂಗ್ ಹಗುರವಾಗುತ್ತದೆ.

ಹಳೆ ಡ್ರಮ್ ತರುವಾಗ ಮೂಸಿ ನೋಡಿ, ಕೆಮಿಕಲ್ ಇದ್ದದ್ದು ಬೇಡ. ನಮ್ಮದರಲ್ಲಿ ಉಪ್ಪಿನಕಾಯಿ ಇತ್ತು. ಸೋಡಾ ಪುಡಿ ಹಾಕಿ ಮೂರು ಸಲ ತೊಳೆದಿದ್ದರೂ ಲೈನ್ ಮನೆಯ ಅಜ್ಜಿ ಒಂದು ಲೋಟ ಕುಡಿದು, "ಅಣ್ಣ, ಇವತ್ತು ಗಂಜಿಗೆ ನಂಜಿಕೊಳ್ಳಲು ಏನೂ ಬೇಡ" ಅಂದರು.

ಮೂರನೇ ಡ್ರಮ್ ಬೋರ್ಡೋಗೆ, ಅಂದರೆ ಮೈಲುತುತ್ತ, ಸುಣ್ಣ ಕಲಸಿದ ದ್ರಾವಣಕ್ಕೆ. ಮಳೆಗಾಲಕ್ಕೆ ಮುಂಚೆ ಕೊಳೆರೋಗದ ಔಷಧಿ ಹೊಡೆಯಲು 200 ಲೀಟರಿಗೆ 2 ಕಿಲೋ ಮೈಲುತುತ್ತ, 2 ಕಿಲೋ ಸುಣ್ಣ, ಲೆಕ್ಕವೂ ಸುಲಭ. ಮೈಲುತುತ್ತ ಕಬ್ಬಿಣವನ್ನು ತಿನ್ನುತ್ತದೆ, ಪ್ಲಾಸ್ಟಿಕ್ ಆದರೆ ಚಿಂತೆಯಿಲ್ಲ. ಅದಕ್ಕೆ ಕೆಂಪು ಪೇಂಟಿನಲ್ಲಿ ದೊಡ್ಡದಾಗಿ ಗುರುತು ಹಾಕಿದ್ದೇನೆ, ಕುಡಿಯುವ ನೀರು ಅದರ ಹತ್ತಿರವೂ ಸುಳಿಯಬಾರದು.

ವರ್ಷವಿಡೀ ನೀರು ಸಾಗಿಸುವುದೇ ಕಸುಬಾಗಿದ್ದರೆ ಅಡ್ಡಗೋಡೆ ಇರುವ ಚಪ್ಪಟೆ ಟ್ಯಾಂಕ್ ಮಾಡಿಸಿ ಗಾಡಿಗೇ ಕೂರಿಸಿಬಿಡಿ. ನನ್ನದು ಮೂರು ತಿಂಗಳ ಕೆಲಸ, ಆಮೇಲೆ ಅದೇ ಗಾಡಿಯಲ್ಲಿ ಗೊಬ್ಬರ, ಕಾಫಿ, ಒಮ್ಮೊಮ್ಮೆ ಮದುವೆಯ ಕುರ್ಚಿ. ಬಳ್ಳಿ ಕಿತ್ತ ಕರಿ ಟ್ಯಾಂಕ್ ಲೈನ್ ಮನೆ ಪಕ್ಕ ಕಲ್ಲು ಕಟ್ಟೆ ಮೇಲೆ ಕೂತಿದೆ. ಬಿಸಿಲು ಒಳಗೆ ಹೋಗದ ಕಾರಣ ಪಾಚಿ ಕಟ್ಟುವುದಿಲ್ಲ, ನೀಲಿ ಡ್ರಮ್ಮಿನ ನೀರೆಲ್ಲ ಈಗ ಅದಕ್ಕೇ ಸುರಿಯುವುದು. ಮೆತ್ತೆ ಟ್ಯಾಂಕ್ ಅಟ್ಟದಲ್ಲಿದೆ. ಬೇಕಾದವರು ತೆಗೆದುಕೊಂಡು ಹೋಗಬಹುದು, ಎರಡು ಪ್ಯಾಚ್ ಇದೆ.